ಸೈಕಲ್ ಸ್ಟ್ಯಾಂಡಿನ ಹಿಂದೆ ಆರು ದಿನ

ಅವು ಬದುಕಿದ್ದವು, ಪಾಲಯ್ಯ. ವಾರವಾರವೂ ತಂಬಿಗೆಯಲ್ಲಿ ನೀರು ತುಂಬಿಕೊಂಡು ಬಂದು, ನನ್ನ ಮೇಜಿನ ಮೇಲಿಟ್ಟು, ಹುಡುಕಿರಿ ಎನ್ನುತ್ತಿದ್ದೆಯಲ್ಲ — ಆ ಅಂಗಾತ ಹುಳಗಳು ನಮ್ಮ ಶಾಲೆಯ ಸೈಕಲ್ ಸ್ಟ್ಯಾಂಡಿನ ಹಿಂದಿನ ಮಳೆಗುಂಡಿಯಲ್ಲಿ ಆರು ದಿನ ಬದುಕಿದ್ದವು. ಆರು ದಿನವೂ ನಾನು ನೋಡಿದೆ. ನಾಲ್ಕನೆಯ ದಿನ ನೀನು ಆ ಗುಂಡಿಯಿಂದ ಹತ್ತು ಮಾರು ದೂರದಲ್ಲಿ ನಿಂತಿದ್ದೆ. ನಿನಗೆ ನಾನು ಹೇಳಲಿಲ್ಲ.

ಇಷ್ಟು ಬರೆಯಲು ಇಪ್ಪತ್ತು ವರ್ಷ ಹಿಡಿಯಿತು. ಅಳುತ್ತಾ ಬರೆಯುತ್ತಿದ್ದೇನೆ ಎಂದು ಯಾರೂ ತಿಳಿಯಬೇಡಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ — ಮೊದಲು ನನ್ನ ಮೇಲಿನ ಸಿಟ್ಟು, ಆಮೇಲೆ ನನ್ನ ಕೊರಳಿಗೆ ಹಾರ ಹಾಕಿದವರ ಮೇಲೆ. ಪಾಲಯ್ಯ, ನೀನು ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವನು. ಆದರೂ ನಾನು ನಿನ್ನನ್ನು ಏಕವಚನದಲ್ಲೇ ಕರೆದವನು. ಈಗ ಇದ್ದಕ್ಕಿದ್ದಂತೆ ಬದಲಾಯಿಸಿದರೆ ಅದೂ ಒಂದು ನಾಟಕವಾದೀತು. ಹಾಗೇ ಬರೆಯುತ್ತೇನೆ.

ಇದನ್ನು ಓದುವ ಬೇರೆಯವರಿಗೆ ನೀನು ಯಾರೆಂದು ಗೊತ್ತಿಲ್ಲ. ನೀನು ಉಳ್ಳಾರ್ತಿ ಕಾವಲಿನ, ಅಂದರೆ ದನ ಮೇಯುವ ಹುಲ್ಲುಬಯಲಿನ, ಅಂಚಿನ ಹಟ್ಟಿಯ ಕಿಲಾರಿ — ದೇವರ ಹೆಸರಿಗೆ ಬಿಟ್ಟ ದನಗಳನ್ನು ಕಾಯುವವನು. ಆ ಎತ್ತುಗಳನ್ನು ನೊಗಕ್ಕೆ ಹೂಡುವಂತಿಲ್ಲ, ಆ ಹಸುಗಳ ಹಾಲು ಮಾರುವಂತಿಲ್ಲ, ಕಾಯುವವನು ಕಾಲಿಗೆ ಚಪ್ಪಲಿ ಮೆಟ್ಟುವಂತಿಲ್ಲ. ಅದು ನಿಮ್ಮ ಹಟ್ಟಿಯ ಕಟ್ಟಳೆ. ದನಗಳ ಜೊತೆ ತೆಲುಗಿನಲ್ಲಿ, ನಮ್ಮ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದೆ; ದನಗಳ ಜೊತೆಗೇ ಹೆಚ್ಚು. ನಾನು ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮನೆಯವನು, ಕಾವಲಿನ ಪಕ್ಕದ ಊರಿನ ಹೈಸ್ಕೂಲಿಗೆ ಲೂನಾದಲ್ಲಿ ಹೋಗಿಬರುತ್ತಿದ್ದ ವಿಜ್ಞಾನದ ಮೇಷ್ಟ್ರು. ನಮ್ಮ ಅಣ್ಣನ ಶೇಂಗಾ ಹೊಲಕ್ಕೂ ನಿನ್ನ ಹಟ್ಟಿಗೂ ನಡುವೆ ಜಾಲಿಕುಂಟೆ ಇತ್ತು. ಮಳೆ ಬಿದ್ದರೆ ಎರಡು ಮೂರು ತಿಂಗಳು ಮೊಣಕಾಲುದ್ದ ನೀರು ನಿಲ್ಲುವ ತಗ್ಗು. ಉಳಿದ ದಿನ ಬಿರಿದ ಮಣ್ಣು.

ತೊಂಬತ್ತರ ದಶಕದ ನಡುವಿನ ಒಂದು ಮಳೆಗಾಲ. ಒಂಬತ್ತನೇ ತರಗತಿಯ ಮಕ್ಕಳನ್ನು ಕುಂಟೆಯ ದಡಕ್ಕೆ ಕರೆದುಕೊಂಡು ಬಂದಿದ್ದೆ. ನೀರಿನಲ್ಲಿ ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ, ಗಾಜಿನಂಥ ಮೈಯ, ಬಾಲದ ತುದಿ ಕೆಂಪಾದ ಜೀವಿಗಳು ನೂರಾರು ತೇಲುತ್ತಿದ್ದವು. ಇವು ಮೀನಿನ ಮರಿ ಎಂದು ಮಕ್ಕಳಿಗೆ ಹೇಳಿದೆ. ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಕೋಲಿಗೆ ಗದ್ದ ಊರಿ ನಿಂತಿದ್ದ ನೀನು ನಕ್ಕೆ.

"ಮೇಷ್ಟ್ರೇ, ಅಂಗಾತ ಮಲಗಿ ಈಜೋ ಮೀನು ಎಲ್ಲಾರ ನೋಡೀರೇನ್ರಿ?"

ಮಕ್ಕಳು ಬಗ್ಗಿ ನೋಡಿದರು. ಹೌದು, ಎಲ್ಲವೂ ಹೊಟ್ಟೆ ಮೇಲೆ ಮಾಡಿಕೊಂಡು, ಲೆಕ್ಕವಿಲ್ಲದ ಕಾಲುಗಳನ್ನು ಆಡಿಸುತ್ತಾ ಈಜುತ್ತಿದ್ದವು. ನಲವತ್ತು ಮಕ್ಕಳೂ ಗೊಳ್ಳೆಂದು ನಕ್ಕರು. ನಿನ್ನ ನಗುವಿನಲ್ಲಿ ಕೊಂಕಿರಲಿಲ್ಲ, ಪಾಲಯ್ಯ — ಅದು ನನಗೆ ಆಗಲೇ ಗೊತ್ತಿತ್ತು. ಆದರೂ ನನ್ನ ಕಿವಿ ಕಾದವು. ಆ ನಗುವನ್ನು ಮನಸ್ಸಿನ ಯಾವುದೋ ಮೂಲೆಯಲ್ಲಿ ಮಡಿಸಿ ಇಟ್ಟುಕೊಂಡೆ.

ಆಮೇಲೆ ನಾನು ಭಾನುವಾರಗಳಲ್ಲಿ ಒಬ್ಬನೇ ಬರತೊಡಗಿದೆ. ನನಗೆ ನಿಜವಾಗಿಯೂ ತಿಳಿಯುವ ಆಸೆ ಇತ್ತು. ಅಷ್ಟನ್ನು ನನ್ನ ಪರವಾಗಿ ಹೇಳಿಕೊಳ್ಳಬಹುದೇನೋ — ಬೇಡ, ಅದೂ ಬೇಡ. ನೀನು ಕಲಿಸಿದೆ. ಹೊಸ ನೀರು ಬಂದ ಕೂಡಲೇ ದನ ಇಳಿಸುವುದಿಲ್ಲ, ಹುಳ ಕಾಣಿಸಿದ ಮೇಲೆಯೇ ಇಳಿಸುವುದು: "ಆವಾಗ ನೀರಿಗೆ ಜೀವ ಬಂದಂಗೆ." ಹೆಣ್ಣು ಹುಳದ ಹೊಟ್ಟೆಯ ಕೆಳಗೆ ಮೊಟ್ಟೆಯ ಚೀಲ ತುಂಬಿತೆಂದರೆ ನೀರಿಗೆ ಇನ್ನು ಹೆಚ್ಚು ದಿನವಿಲ್ಲ, ಮಂದೆಯನ್ನು ಮುಂದಿನ ಕುಂಟೆಗೆ ಹೊಡೆಯಬೇಕು. ಬೇಸಿಗೆಯಲ್ಲಿ ಬಿರಿದ ಮಣ್ಣಿನ ಹೆಂಟೆಯೊಂದನ್ನು ನನ್ನ ಅಂಗೈಗೆ ಹಾಕಿ ಹೇಳಿದೆ — "ಸತ್ತಿಲ್ರಿ ಇವು. ಮಲಗ್ಯಾವೆ. ಅದಕ್ಕೇ ಈ ಕುಂಟೆ ಮಣ್ಣು ಯಾರೂ ಎತ್ತಂಗಿಲ್ಲ, ನಮ್ಮ ಹಿರೇರು ಮಾಡಿಟ್ಟ ಕಟ್ಟು."

ಪುಸ್ತಕ ಹುಡುಕಿದೆ. ಪುಸ್ತಕ ನಿನ್ನ ಮಾತನ್ನೇ ಹೇಳಿತು. ಇವು ಏಡಿ, ಸಿಗಡಿಗಳ ದೂರದ ನೆಂಟರು. ಮೊಟ್ಟೆಗಳು ಒಣಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತವೆ. ಒಣಗಿ ಮತ್ತೆ ನೆನೆದರೇ ಒಡೆಯುವುದು. ಮೀನು ಇರುವಲ್ಲಿ ಇವು ಇರುವುದಿಲ್ಲ. ಅಂದರೆ ವರ್ಷವಿಡೀ ನೀರು ನಿಲ್ಲುವುದು ನಮಗೆ ವರವಾದರೆ ಇವಕ್ಕೆ ಸಾವು. ಮೂರು ಹುಳಗಳನ್ನು ಸ್ಪಿರಿಟ್ಟಿನ ಸೀಸೆಯಲ್ಲಿ ಹಾಕಿ, ದೂರದ ವಿಶ್ವವಿದ್ಯಾಲಯವೊಂದರಲ್ಲಿ ಇಂಥವನ್ನೇ ಅಭ್ಯಾಸ ಮಾಡುತ್ತಿದ್ದ ಒಬ್ಬ ಮೇಡಂಗೆ ಅಂಚೆಯಲ್ಲಿ ಕಳಿಸಿದೆ. ಜೊತೆಗೆ ನಾಲ್ಕು ಪುಟದ ಪತ್ರ. ಅದರಲ್ಲಿ ದನ ಇಳಿಸುವ ಮಾತು, ಮೊಟ್ಟೆ ಚೀಲದ ಮಾತು, ಎಲ್ಲವೂ ಇತ್ತು — "ನಾನು ಗಮನಿಸಿದಂತೆ" ಎಂದು. ನಿನ್ನ ಹೆಸರು ಎಲ್ಲಿಯೂ ಇರಲಿಲ್ಲ.

ಉತ್ತರ ಬರಲು ತುಂಬ ದಿನ ಹಿಡಿಯಿತು. ಬಂದದ್ದು ಎರಡು ಸಾವಿರದ ಇಸವಿಯ ಆಸುಪಾಸಿನ ಒಂದು ಬೇಸಿಗೆಯಲ್ಲಿ. ಇದು ಯಾವ ಜಾತಿಯೆಂದು ಖಚಿತವಾಗಿ ಹೇಳಲಾರೆ, ಈವರೆಗೆ ಯಾರೂ ದಾಖಲಿಸದ್ದೂ ಇರಬಹುದು; ಇಂಥ ಕುಂಟೆಗಳು ಎಲ್ಲೆಡೆ ಮುಚ್ಚಿಹೋಗುತ್ತಿವೆ, ಇಲ್ಲವೇ ಅಗೆದು ಕೆರೆಯಾಗುತ್ತಿವೆ; ಇವು ನಿಮ್ಮಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಕ್ಕಿಲ್ಲ; ದಯವಿಟ್ಟು ಆ ಮಣ್ಣನ್ನು ಯಾರೂ ಕದಡದಂತೆ ನೋಡಿಕೊಳ್ಳಿ; ಒಂದಿಷ್ಟು ಒಣಮಣ್ಣು ಕಳಿಸಿ, ಮಳೆಗಾಲಕ್ಕೆ ನಾನೇ ಬರುತ್ತೇನೆ. ಅವತ್ತೇ ಕುಂಟೆಗೆ ಹೋಗಿ ಗಾಜಿನ ಸೀಸೆಯೊಂದರಲ್ಲಿ ಮಣ್ಣು ತುಂಬಿ ತಂದು ಶಾಲೆಯ ಬೀರುವಿನಲ್ಲಿಟ್ಟೆ. ಪತ್ರ ಜೇಬಿನಲ್ಲಿತ್ತು. ಅದರ ಮರುದಿನವೇ ಬೇವಿನ ಕಟ್ಟೆಯಲ್ಲಿ ಊರವರೆಲ್ಲ ಸೇರಿದ್ದು.

ನಮ್ಮ ಕಡೆ ಬೇಸಿಗೆಯಲ್ಲಿ ಕೆರೆ ಒಣಗಿದರೆ ಅದರ ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುವುದು ಹಳೆಯ ರೂಢಿ. ಗೊಬ್ಬರಕ್ಕಿಂತ ಅದು ಮೇಲು. ಆ ವರ್ಷ ಬೇರೆ ಕೆರೆಗಳ ಗೋಡೆಲ್ಲ ತೀರಿತ್ತು. ಉಳಿದದ್ದು ಜಾಲಿಕುಂಟೆಯದು, ಯಾರೂ ಮುಟ್ಟದ್ದು. ಮಣ್ಣೂ ಸಿಕ್ಕೀತು, ಕುಂಟೆ ಆಳವಾಗಿ ವರ್ಷಪೂರ್ತಿ ನೀರೂ ನಿಂತೀತು, ಮೀನೂ ಬಿಡಬಹುದು ಎಂದು ಮಾತು ಎತ್ತಿದ್ದು ನಮ್ಮ ಅಣ್ಣ. ಟ್ರ್ಯಾಕ್ಟರ್ ಗೊತ್ತು ಮಾಡಿದ್ದೂ ಅವನೇ. ನೀನು ಎದ್ದು ನಿಂತು ಕಟ್ಟಳೆ ಹೇಳಿದೆ. ಮಣ್ಣಿನಲ್ಲಿ ಜೀವ ಮಲಗಿದೆ ಎಂದೆ. ಯಾರೋ ಕಿಸಕ್ಕೆಂದರು. ಆಗ ನೀನು ನನ್ನ ಕಡೆ ತಿರುಗಿದೆ — "ಮೇಷ್ಟ್ರಿಗೆ ಗೊತ್ತೈತೆ, ಅವರನ್ನೇ ಕೇಳ್ರಿ."

ಊರ ಗೌಡರು ಕೇಳಿದರು. "ಹೇಳ್ರಿ ಮೇಷ್ಟ್ರೇ. ಆ ಒಣಮಣ್ಣಾಗೆ ಏನಾರ ಐತಾ?"

ಪತ್ರ ನನ್ನ ಜೇಬಿನಲ್ಲಿತ್ತು. ತೆಗೆದು ಓದಿದ್ದರೆ ಸಾಕಿತ್ತು. ಇಡೀ ಊರು ನನ್ನ ಬಾಯಿಯನ್ನೇ ನೋಡುತ್ತಿತ್ತು, ಅಣ್ಣನೂ ನೋಡುತ್ತಿದ್ದ —

"ಏನೂ ಇಲ್ಲ ಗೌಡ್ರೇ. ಬರೀ ಧೂಳು."

ನೀನು ವಾದಿಸಲಿಲ್ಲ. ಒಂದು ಗಳಿಗೆ ನನ್ನ ಮುಖ ನೋಡಿದೆ. ಅಷ್ಟೆ. "ಮೇಷ್ಟ್ರು ಹೇಳಿದ ಮ್ಯಾಲೆ ಮುಗೀತು ಬಿಡ್ರಿ" ಎಂದು ಕೂತೆ. ನಿನಗೆ ನನ್ನ ಮೇಲೆ ಅನುಮಾನವೇ ಬರಲಿಲ್ಲ. ನಿನ್ನ ಮೇಲೆಯೇ ಬಂತು.

ಯಾಕೆ ಹಾಗೆ ಹೇಳಿದೆ? ಅಣ್ಣನಿಗಾಗಿ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಒಡಹುಟ್ಟಿದವನ ಮುಖ ನೋಡಿದೆ, ಮನೆಯ ಹೊಲದ ಮಾತು, ಯಾರಾದರೂ ಅಷ್ಟೆ... ಸುಳ್ಳು. ಅಣ್ಣ ಬೈದಿದ್ದರೆ ನಾಲ್ಕು ದಿನ ಬೈಯುತ್ತಿದ್ದ. ನಿಜ ಬೇರೆ. ಆ ಕಟ್ಟೆಯ ಮೇಲೆ ಆ ಕ್ಷಣದಲ್ಲಿ ನನ್ನ ಕಿವಿಗೆ ಕೇಳಿಸಿದ್ದು ಆ ನಲವತ್ತು ಮಕ್ಕಳ ನಗು. ದನ ಕಾಯುವವನು ಹೇಳಿದ್ದು ಸರಿ ಎಂದು ಇಡೀ ಊರಿನ ಮುಂದೆ ನಾನು ಮತ್ತೊಮ್ಮೆ ಒಪ್ಪಬೇಕಿತ್ತು. ಪತ್ರ ಓದಿದರೆ ನಾನು ಮೇಡಂಗೆ ನಿನ್ನದನ್ನೆಲ್ಲ ನನ್ನದೆಂದು ಬರೆದದ್ದೂ ಹೊರಗೆ ಬರುತ್ತಿತ್ತು. ಅಷ್ಟೇ ಕಾರಣ. ಇಷ್ಟು ಸಣ್ಣ ಕಾರಣಕ್ಕೆ ಒಂದು ಜೀವಿಯ ವಂಶವನ್ನೇ ಟ್ರ್ಯಾಕ್ಟರಿಗೆ ತುಂಬಿಸಿದೆ. ಇದಕ್ಕಿಂತ ದೊಡ್ಡ ಕಾರಣವೊಂದು ಇದ್ದಿದ್ದರೆ ಎಂದು ಎಷ್ಟೋ ಸಲ ಆಸೆಪಟ್ಟಿದ್ದೇನೆ.

ಹನ್ನೆರಡು ದಿನ ಟ್ರ್ಯಾಕ್ಟರುಗಳು ಓಡಿದವು. ನಿನ್ನ ಹಿಮ್ಮಡಿಗೆ ಜಾಲಿಮುಳ್ಳು ನಟ್ಟು ಬಾತುಕೊಂಡದ್ದು ಆಗಲೇ. ಚಳ್ಳಕೆರೆಯ ಆಸ್ಪತ್ರೆಗೆ ನಡೆದು ಹೊರಟಿದ್ದವನನ್ನು ದಾರಿಯಲ್ಲಿ ನಿಲ್ಲಿಸಿ, ನನ್ನ ಹಳೆಯ ಚಪ್ಪಲಿ ಕೊಟ್ಟೆ. ಬೇಡವೆಂದೆ ನೀನು. ನಾನು ಬಿಡಲಿಲ್ಲ — "ಕಾಲು ಉಳಿದ್ರೆ ತಾನೆ ದನ ಕಾಯೋದು? ಹಾಕ್ಕೋ" ಎಂದು ಗದರಿದೆ. ಮಾಡಿದ ಪಾಪಕ್ಕೆ ಒಂದು ಜೊತೆ ಹಳೆಯ ಚಪ್ಪಲಿಯ ತೇಪೆ. ಎಂಟು ದಿನ ನೀನು ಅದನ್ನು ಮೆಟ್ಟಿದೆ.

ಮಳೆ ಬಂತು. ಕುಂಟೆ ತುಂಬಿತು. ಮೀನಿನ ಮರಿ ಬಿಡುವ ದಿನ ಕೊಡದ ಬಾಯಿಗೆ ಕೈ ಹಚ್ಚಿ ನಿಂತ ನನ್ನ ಕೊರಳಿಗೆ ಚೆಂಡುಹೂವಿನ ಹಾರ ಹಾಕಿದರು. ವಿಜ್ಞಾನದ ಮೇಷ್ಟ್ರ ಮಾತಿನಿಂದ ಊರಿಗೆ ಶಾಶ್ವತ ನೀರು ಬಂತು ಎಂದು ಭಾಷಣವಾಯಿತು. ಅದರ ಫೋಟೋ ನಮ್ಮ ಮನೆಯ ನಡುಮನೆಯಲ್ಲಿ ಇಪ್ಪತ್ತು ವರ್ಷ ತೂಗಾಡಿತು. ಬಂದವರಿಗೆ ಅದನ್ನು ತೋರಿಸಿದ್ದೇನೆ ಕೂಡ. ಅಣ್ಣನ ಹೊಲದಲ್ಲಿ ಆ ವರ್ಷ ಶೇಂಗಾ ಕಾಯಿ ತುಂಬಿ ಬಂತು. ಮುಂದೆ ಮೀನು ಹಿಡಿಯುವ ಗುತ್ತಿಗೆಯವನು ಸುತ್ತ ಮುಳ್ಳುಬೇಲಿ ಹಾಕಿ, ದನ ಇಳಿದರೆ ಮೀನು ಹಾಳು ಎಂದು ನಿನ್ನ ಮಂದೆಯನ್ನೇ ಹೊರಗಿಟ್ಟ. ಶಾಶ್ವತ ನೀರು! ಯಾವ ದನಗಳ ಹೆಸರಿನಲ್ಲಿ ಆ ಕುಂಟೆ ಉಳಿದಿತ್ತೋ ಅವಕ್ಕೇ ಒಂದು ಗುಟುಕು ಇಲ್ಲ.

ಬೇಲಿ ಬರುವ ಮುಂಚೆಯೇ ನೀನು ತಂಬಿಗೆ ಹಿಡಿದು ಬರತೊಡಗಿದ್ದೆ. ಮೊದಲ ಶುಕ್ರವಾರ ಮೇಜಿನ ಮೇಲಿಟ್ಟು ಹೇಳಿದೆ — "ನನ್ನ ಕಣ್ಣಿಗೆ ಕಾಣವಲ್ಲವು. ನಿಮ್ಮ ಭೂತಗನ್ನಡಿಗಾರ ಕಾಣ್ತಾವೇನೋ ನೋಡ್ರಿ." ನಾನು ನೋಡಿದೆ. ಇರುವುದಿಲ್ಲವೆಂದು ಗೊತ್ತಿದ್ದೂ ಬಹಳ ಹೊತ್ತು ಕಣ್ಣು ಕಿರಿದು ಮಾಡಿಕೊಂಡು ನೋಡಿದೆ. ತಡ ಆಗಬಹುದು, ಇನ್ನೊಂದು ವಾರ ನೋಡೋಣ ಎಂದೆ. ಮುಂದಿನ ಶುಕ್ರವಾರವೂ ನೀನು ಬಂದೆ. ಮೂರನೆಯ ಶುಕ್ರವಾರ ನೀರು ತೋರಿಸಿದ ಮೇಲೆ ಕೇಳಿದೆ — "ಮೇಷ್ಟ್ರೇ, ನಿಮ್ಮತ್ರ ಕುಂಟೆಯ ಹಳೇ ಮಣ್ಣು ಒಂದು ಹಿಡಿ ಐತೇನ್ರಿ? ಬೇರೆ ಕುಂಟೆಗೆ ಹಾಕಿ ನೋಡ್ತೀನಿ."

ಸೀಸೆ ನಿನ್ನ ಬೆನ್ನ ಹಿಂದಿನ ಬೀರುವಿನಲ್ಲಿತ್ತು. ಮೇಡಂಗೆ ಕಳಿಸಿರಲಿಲ್ಲ, ಕಳಿಸಿದರೆ ಅವರು ಬಂದುಬಿಡುತ್ತಾರೆ ಎಂಬ ಹೆದರಿಕೆ. ಅವರು ಮತ್ತೆ ಬರೆದಾಗ ಈ ಸಲ ಮಳೆಯೇ ಆಗಲಿಲ್ಲ ಎಂದು ಉತ್ತರಿಸಿದ್ದೆ. ಸೀಸೆ ಕೊಟ್ಟರೆ, ಮಣ್ಣು ಯಾಕೆ ಎತ್ತಿಟ್ಟಿರಿ, ಬರೀ ಧೂಳು ಅಂದಿದ್ದಿರಲ್ಲ ಎಂದು ನೀನು ಕೇಳುತ್ತಿದ್ದೆಯೋ ಇಲ್ಲವೋ. ಕೇಳುತ್ತಿರಲಿಲ್ಲ ಎಂದೇ ಈಗ ಅನಿಸುತ್ತದೆ. ನೀನು ಖುಷಿಯಲ್ಲಿ ಸೀಸೆ ಎದೆಗೆ ಅವಚಿಕೊಂಡು ಓಡುತ್ತಿದ್ದೆ. ನಾನು ಇಲ್ಲ ಎಂದೆ. ಸಂಜೆ ಮಕ್ಕಳೆಲ್ಲ ಹೋದ ಮೇಲೆ ಸೀಸೆ ತೆಗೆದುಕೊಂಡು ಹೋಗಿ ಸೈಕಲ್ ಸ್ಟ್ಯಾಂಡಿನ ಹಿಂದಿನ ಗುಂಡಿಯಲ್ಲಿ ಸುರಿದೆ. ಖಾಲಿ ಸೀಸೆ ತೊಳೆದು ವಾಪಸು ಬೀರುವಿನಲ್ಲಿಟ್ಟೆ. ಅದರಲ್ಲಿ ಮೇಲಿನವರೆಗೂ ಸೀಮೆಸುಣ್ಣ ತುಂಬಿಸಿಟ್ಟೆ.

ಎರಡು ದಿನ ಕಳೆದು ದೊಡ್ಡ ಮಳೆ ಬಂತು. ಆ ಗುಂಡಿ ತುಂಬಿತು.

ಅಡಿಗೆ ಮನೆಯ ನುಚ್ಚಿನಷ್ಟು ಸಣ್ಣ ಚುಕ್ಕೆಗಳು ಅಲ್ಲಾಡುವುದನ್ನು ನಾನು ಮೊದಲು ಕಂಡದ್ದು ಒಂದು ಮಂಗಳವಾರ. ಬುಧವಾರ ಭೂತಗನ್ನಡಿ ಒಯ್ದೆ. ಅಂಗಾತವಾಗಿದ್ದವು. ಕಾಲುಗಳು ಆಡುತ್ತಿದ್ದವು. ಪಾಲಯ್ಯ, ನನಗೆ ಸಂತೋಷವಾಯಿತು — ಇದನ್ನೂ ಬಚ್ಚಿಡುವುದಿಲ್ಲ. ಒಂದು ನಿಮಿಷ ಕುಣಿಯುವಷ್ಟು ಸಂತೋಷವಾಯಿತು. ಬೆನ್ನಿಗೇ ಭಯವಾಯಿತು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವನ ಗಾದೆಯನ್ನು ನಮ್ಮ ಎಣ್ಣೆ ಮಿಲ್ಲಿನಲ್ಲಿ ಕೇಳಿಯೇ ಬೆಳೆದವನು ನಾನು. ನನಗೆ ಎಣ್ಣೆ ಎರಡನೆಯ ಸಲ ಬಂದಿತ್ತು. ಒಂದು ಬಕೆಟ್ಟು, ನಿನ್ನ ಒಂದು ತಂಬಿಗೆ ಸಾಕಿತ್ತು. ಮೀನಿಲ್ಲದ ಕುಂಟೆ ಯಾವುದೆಂದು ಕಾವಲಿನಲ್ಲಿ ನಿನ್ನಷ್ಟು ಬಲ್ಲವರು ಇರಲಿಲ್ಲ.

ಶುಕ್ರವಾರ ನೀನು ಬಂದೆ. ಗೇಟಿನಿಂದ ನನ್ನ ಕೋಣೆಗೆ ಹತ್ತಿರದ ದಾರಿ ಆ ಗುಂಡಿಯ ಪಕ್ಕದಲ್ಲೇ ಹೋಗುತ್ತದೆ. ನೀನು ಆ ಕಡೆ ತಿರುಗಿದ್ದನ್ನು ಕಿಟಕಿಯಿಂದ ನೋಡಿದವನು ಓಡಿ ಬಂದೆ. ಮೇಷ್ಟ್ರು ಓಡಿ ಬಂದರೆಂದು ನಿನಗೆ ಸಂಕೋಚವಾಯಿತು. ನಾನು ಗುಂಡಿಗೆ ಅಡ್ಡ ನಿಂತು ಹೇಳಿದೆ.

"ಆ ಕಡೆ ಕೆಸರೈತೆ ಪಾಲಯ್ಯ, ಈ ಕಡೆಯಿಂದ ಬಾ."

ಹುಟ್ಟಿದಾಗಿನಿಂದ ಬರಿಗಾಲಿನಲ್ಲಿ ಕೆಸರು ತುಳಿದವನಿಗೆ ನಾನು ಹೇಳಿದ ಮಾತು ಇದು! ನೀನು ನಿನ್ನ ಕಾಲು ನೋಡಿಕೊಂಡು, ಸರಿ ಎಂದು, ಸುತ್ತು ಹಾಕಿಕೊಂಡು ಬಂದೆ. ನಾನು ತಂಬಿಗೆಯ ನೀರು ನೋಡಿದೆ. ಇಲ್ಲವೆಂದೆ. ನೀನು ಹೋದೆ. ಅದಾದ ಮೇಲೆ ಶನಿವಾರ, ಭಾನುವಾರ — ರಜೆಯ ದಿನವೂ ಲೂನಾ ಹತ್ತಿ ಬಂದೆ, ನೋಡುವುದಕ್ಕೆ. ಬಿಸಿಲು ಬಿದ್ದಿತ್ತು. ನೀರು ತಟ್ಟೆಯಷ್ಟಾಗಿತ್ತು. ಇನ್ನೂ ಮೊಟ್ಟೆಯ ಚೀಲ ಮೂಡುವಷ್ಟು ಬೆಳೆದಿರಲಿಲ್ಲ ಅವು. ಸೋಮವಾರ ಬೆಳಗ್ಗೆ ಅಲ್ಲಿ ಸೈಕಲ್ ಚಕ್ರದ ಗುರುತುಗಳಿದ್ದ ಹಸಿ ಮಣ್ಣು ಮಾತ್ರ ಇತ್ತು.

ಮುಂದಿನ ಶುಕ್ರವಾರ ನೀನು ತಂಬಿಗೆ ತಂದಿರಲಿಲ್ಲ. ನನ್ನ ಹಳೆಯ ಚಪ್ಪಲಿಗಳನ್ನು ಕಾಗದದಲ್ಲಿ ಸುತ್ತಿ ತಂದಿದ್ದೆ. ಬಾಗಿಲ ಹೊರಗೇ ಇಟ್ಟೆ.

"ತಪ್ಪು ನಂದೇ ಐತಿ ಮೇಷ್ಟ್ರೇ. ಕಿಲಾರಿ ಆಗಿ ಚಪ್ಪಲಿ ಮೆಟ್ಟಿ ಕುಂಟೆ ಏರಿ ಹತ್ತಿದೆ. ಅದಕ್ಕೇ ಅವು ಹೋದ್ವು. ಹಟ್ಟಿಯಾಗೆ ಹೇಳಿ ಕೋಲು ಕೊಟ್ಟುಬಿಟ್ಟೆ."

ನಾನು ಆಗಲಾದರೂ — ಇಲ್ಲ. ಹಾಗೆಲ್ಲ ಇರೋದಿಲ್ಲ ಪಾಲಯ್ಯ, ಅದೆಲ್ಲ ಮೂಢನಂಬಿಕೆ ಎಂದೆ. ವಿಜ್ಞಾನದ ಮೇಷ್ಟ್ರಲ್ಲವೇ! ನಿನ್ನ ಹಿರಿಯರ ಕಟ್ಟಳೆ ನನ್ನ ಪುಸ್ತಕಕ್ಕಿಂತ ಮುಂಚೆ ತಿಳಿದುಕೊಂಡಿತ್ತು, ಅದನ್ನು ಮುರಿಸಿದವನು ನಾನು, ಮತ್ತು ನಾನೇ ನಿನಗೆ ಮೂಢನಂಬಿಕೆಯ ಪಾಠ ಹೇಳಿದೆ. ಅಜ್ಜನ ಕಾಲದಿಂದ ಬಂದ ಕಿಲಾರಿತನದ ಕೋಲನ್ನು ನೀನು ಕೆಳಗಿಟ್ಟಿದ್ದೆ, ನಾನು ಮೂರನೇ ಪೀರಿಯಡ್ಡಿಗೆ ಹೋದೆ.

ಈಗ ಈ ಮಾತು ತೆಗೆದರೆ ತಿಪ್ಪೆ ಸಾರಿಸುವವರು ಬೇಕಾದಷ್ಟು ಜನ. ಕಾವಲಿಗೆ ಆಮೇಲೆ ಸರ್ಕಾರದ ಸಂಸ್ಥೆಗಳ ದೊಡ್ಡ ದೊಡ್ಡ ಗೋಡೆಗಳು ಬಂದವಲ್ಲ, ಹೇಗೂ ಹೋಗುತ್ತಿತ್ತು ಬಿಡಿ ಸಾರ್ ಎನ್ನುತ್ತಾರೆ. ಗೋಡೆಯ ಮೇಲೆ ನನಗೂ ಸಿಟ್ಟಿದೆ. ಆದರೆ ಜಾಲಿಕುಂಟೆ ಗೋಡೆಯಿಂದ ಎರಡು ಫರ್ಲಾಂಗು ಹೊರಗಿದೆ. ಅದನ್ನು ಗೋಡೆ ಮುಟ್ಟಲಿಲ್ಲ, ನಾನು ಮುಟ್ಟಿದೆ. ಒಂದು ಹುಳಕ್ಕೆ ಇಷ್ಟೊಂದೇ ಎನ್ನುವವರೂ ಇದ್ದಾರೆ. ನಾನೂ ಒಂದು ಕಾಲದಲ್ಲಿ ಅದನ್ನು ಧೂಳು ಎಂದವನೇ.

ಕಳೆದ ಬೇಸಿಗೆ ಚಳ್ಳಕೆರೆಯ ಬಸ್ ಸ್ಟ್ಯಾಂಡಿನಲ್ಲಿ ನಿನ್ನನ್ನು ಕಂಡೆ. ಮಧ್ಯಾಹ್ನ, ಟಾರು ಕರಗುವ ಬಿಸಿಲು. ನೀನು ಬರಿಗಾಲಿನಲ್ಲಿ ನಿಂತಿದ್ದೆ, ಒಂದು ಕಾಲೆತ್ತಿ ಒಂದು ಕಾಲಿಡುತ್ತಾ. ಕಿಲಾರಿತನ ಬಿಟ್ಟವನಿಗೆ ಚಪ್ಪಲಿಗೆ ಅಡ್ಡಿಯಿಲ್ಲವೆಂದು ನನಗೆ ಗೊತ್ತು. ಯಾಕೆ ಇನ್ನೂ ಹೀಗೆ ಎಂದು ಕೇಳಿದೆ. ನೀನು ನಕ್ಕು, "ದೋಷ ಕಳೀಬೇಕಲ್ರೀ ಮೇಷ್ಟ್ರೇ" ಎಂದೆ. ಇಪ್ಪತ್ತು ವರ್ಷ! ನನ್ನ ಸುಳ್ಳನ್ನು ನೀನು ನಿನ್ನ ಅಂಗಾಲಿನಲ್ಲಿ ಸುಟ್ಟುಕೊಳ್ಳುತ್ತಾ ಬಂದಿದ್ದೀಯೆ. ನಾನು ನೆರಳಿನಲ್ಲಿ ನಿಂತು ಕೇಳಿಸಿಕೊಂಡೆ, ಬಸ್ಸು ಬಂತೆಂದು ಹತ್ತಿದೆ. ಅವತ್ತು ಮನೆಗೆ ಬಂದು ಆ ಹಾರದ ಫೋಟೋ ಇಳಿಸಿದೆ. ಅದೇನು ದೊಡ್ಡ ಕೆಲಸವಲ್ಲ.

ನಿನಗೆ ಓದು ಬರುವುದಿಲ್ಲ. ಆದ್ದರಿಂದ ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ಯಾರ ಕೈಯಲ್ಲೂ ಕಳಿಸುವುದಿಲ್ಲ. ಬರುವ ಸೋಮವಾರ ನಾನೇ ಹಟ್ಟಿಗೆ ಬರುತ್ತೇನೆ. ನೀನು ಯಾರ ಮುಂದೆ ಕೋಲು ಇಟ್ಟೆಯೋ ಅವರನ್ನೆಲ್ಲ ಕೂರಿಸಲು ಹೇಳುತ್ತೇನೆ. ಅವರ ಮುಂದೆ ಮೊದಲ ಸಾಲಿನಿಂದ ಕಡೆಯ ಸಾಲಿನವರೆಗೆ ಓದುತ್ತೇನೆ. ನಿನ್ನ ಕಾಲಿನಲ್ಲಿ ಯಾವ ದೋಷವೂ ಇರಲಿಲ್ಲ ಎಂದು ಹೇಳಬಲ್ಲ ಸಾಕ್ಷಿ ಈ ಭೂಮಿಯ ಮೇಲೆ ನಾನೊಬ್ಬನೇ. ಕೇಳಿದ ಮೇಲೆ ಬೈಯುವುದಿದ್ದರೆ ಬೈ, ಎದ್ದು ಹೋಗುವುದಿದ್ದರೆ ಹೋಗು. ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ. ಆ ಮಾತನ್ನು ಕೇಳುವ ಹಕ್ಕು ಆ ಆರು ದಿನಗಳಲ್ಲಿ ಒಂದು ದಿನವಾದರೂ ಬಾಯಿಬಿಟ್ಟಿದ್ದರೆ ಇರುತ್ತಿತ್ತು.

ಸೋಮವಾರದ ಹೊತ್ತಿಗೆ ಮಳೆ ಹಿಡಿಯುವ ಹಾಗಿದೆ. ಹಟ್ಟಿಯ ದಾರಿ ನನಗೆ ಗೊತ್ತು. ಕೆಸರಿದ್ದರೆ ಇರಲಿ, ನೇರ ಬರುತ್ತೇನೆ.